ನೀಲಿ ಪರದೆಯೂ ಬಾರದೆ ರೀಸ್ಟಾರ್ಟ್ ಆಗುತ್ತಿದ್ದ ಕಂಪ್ಯೂಟರ್: ಸಾಕೆಟ್‌ನಿಂದ ಮದರ್‌ಬೋರ್ಡ್‌ವರೆಗೆ ಐದು ವಾರದ ಹುಡುಕಾಟ

ಮನೆಯ ಡೆಸ್ಕ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗುವುದು ನಿಂತು ಇಂದಿಗೆ ಹನ್ನೊಂದು ದಿನ. ಅದಕ್ಕೆ ಮುಂಚಿನ ಐದು ವಾರ, ದಿನಕ್ಕೆ ಒಂದರಿಂದ ಆರು ಸಲ, ಕೆಲಸದ ನಡುವೆ ಪರದೆ ಕಪ್ಪಾಗುತ್ತಿತ್ತು. ಒಂದೆರಡು ಸೆಕೆಂಡಿನಲ್ಲಿ ಮದರ್‌ಬೋರ್ಡ್ ಕಂಪನಿಯ ಲೋಗೊ ಬಂದು ವಿಂಡೋಸ್ ಮೊದಲಿನಿಂದ ಶುರುವಾಗುತ್ತಿತ್ತು. ಇದೇ ತೊಂದರೆಯಲ್ಲಿ ಇರುವವರಿಗೆ ದಾರಿ ಸ್ವಲ್ಪ ಹತ್ತಿರವಾಗಲಿ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ, ಹಾದಿ ತಪ್ಪಿದ ಕಡೆಗಳನ್ನೂ ಬಿಡದೆ.

ಯಂತ್ರ 2020ರ ಕೊನೆಯಲ್ಲಿ ತುಮಕೂರಿನಲ್ಲೇ ಜೋಡಿಸಿದ್ದು. ಇಂಟೆಲ್ ಕೋರ್ ಐ5-10400 ಸಿಪಿಯು, ಎಚ್410 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟೇಜಿಗೆ ಬದಲಿಸುವ ಡಬ್ಬ, ಎಂದರೆ ಎಸ್‌ಎಂಪಿಎಸ್, ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 450 ವ್ಯಾಟ್ ಎಂದು ಬರೆದಿತ್ತು. ಮೇಜಿನ ಕೆಳಗೆ 600 ವಿಎ ಯುಪಿಎಸ್. ನಮ್ಮ ಊರುಗಳ ಬಹುಪಾಲು ಮನೆಗಳಲ್ಲಿ ಇಂಥದ್ದೇ ಜೋಡಣೆ ಇರುವುದರಿಂದ ಇಷ್ಟು ವಿವರ ಕೊಟ್ಟಿದ್ದೇನೆ.

ಮೊದಲ ದಿನ ಮಾಡಿದ್ದು ಬ್ಯಾಕಪ್. ಬರೆಯುತ್ತಿರುವಾಗಲೇ ಕರೆಂಟು ತಪ್ಪಿದರೆ ಫೈಲುಗಳಷ್ಟೇ ಅಲ್ಲ, ಡಿಸ್ಕಿನ ಫೈಲ್ ಸಿಸ್ಟಮ್ಮೇ ಕೆಡಬಹುದು. ಫೋಟೊ, ಮನೆಯ ಲೆಕ್ಕ, ಮಕ್ಕಳ ಪ್ರಾಜೆಕ್ಟುಗಳು ಎಲ್ಲ ಸೇರಿ ಸುಮಾರು 180 ಜಿಬಿ. ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡುವಾಗಲೇ ಎರಡು ಸಲ ರೀಸ್ಟಾರ್ಟ್ ಆಯಿತು. ಮುಗಿಯುವವರೆಗೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ದಯವಿಟ್ಟು ಈ ಕೆಲಸ ಮುಗಿಯದೆ ಬೇರೆ ಯಾವ ಪರೀಕ್ಷೆಗೂ ಕೈ ಹಾಕಬೇಡಿ. ಮುಂದೆ ಹೇಳುವ ಕೆಲವು ಪರೀಕ್ಷೆಗಳು ಬೇಕೆಂದೇ ಯಂತ್ರ ರೀಸ್ಟಾರ್ಟ್ ಆಗಿ ಬೀಳುವಂತೆ ಮಾಡುವಂಥವು.

ಆಮೇಲೆ ಇವೆಂಟ್ ವ್ಯೂವರ್, ಯಂತ್ರದಲ್ಲಿ ನಡೆದದ್ದನ್ನು ವಿಂಡೋಸ್ ಬರೆದಿಡುವ ಜಾಗ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ, ಬಲಗಡೆಯ ಫಿಲ್ಟರ್‌ನಲ್ಲಿ 41, 1074, 6008, 1001 ಎಂಬ ನಾಲ್ಕು ಸಂಖ್ಯೆಗಳನ್ನು ಕಾಮಾ ಹಾಕಿ ಬರೆಯಿರಿ. 1074 ಇದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಅಪ್‌ಡೇಟ್ ಕೇಳಿಕೊಂಡು ರೀಸ್ಟಾರ್ಟ್ ಮಾಡಿಸಿದೆ ಎಂದರ್ಥ, ಯಾವುದೆಂದು ಅಲ್ಲೇ ಹೆಸರೂ ಇರುತ್ತದೆ. 1001ರಲ್ಲಿ ಬಗ್‌ಚೆಕ್ ಎಂದಿದ್ದರೆ ವಿಂಡೋಸ್ ದೊಡ್ಡ ದೋಷ ಕಂಡು ನಿಂತಾಗ ತೋರಿಸುವ ನೀಲಿ ಪರದೆ ಬಂದು ಹೋಗಿದೆ. 6008 ಎಂದರೆ ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬ ಟಿಪ್ಪಣಿ ಅಷ್ಟೇ. ಇಲ್ಲಿ ಸಾಲಾಗಿ ಸಿಕ್ಕಿದ್ದು 41, ಕರ್ನಲ್-ಪವರ್. ಅದನ್ನು ತೆರೆದು ಡೀಟೇಲ್ಸ್ ಟ್ಯಾಬ್ ನೋಡುವುದು ಮುಖ್ಯ. ಬಗ್‌ಚೆಕ್‌ಕೋಡ್ ಎದುರು 0 ಇತ್ತು, ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಎದುರೂ 0. ಎಂದರೆ ವಿಂಡೋಸ್‌ಗೆ ದೋಷ ಬರೆದಿಡುವಷ್ಟು ಹೊತ್ತೂ ಸಿಕ್ಕಿಲ್ಲ, ಯಾರೂ ಬಟನ್ ಒತ್ತಿ ಹಿಡಿದೂ ಇಲ್ಲ. ಅದರ ಕಾಲ ಕೆಳಗಿನ ನೆಲವನ್ನೇ ಎಳೆದುಬಿಟ್ಟಂತೆ ನಿಂತಿದೆ.

ನಿಮ್ಮಲ್ಲಿ ಅಲ್ಲಿ ಬೇರೆ ಸಂಖ್ಯೆ ಇದ್ದರೆ ಅದು ದಶಮಾನದಲ್ಲಿ ಇರುತ್ತದೆ, ಹುಡುಕುವ ಮೊದಲು ಹೆಕ್ಸಾಡೆಸಿಮಲ್‌ಗೆ ಬದಲಿಸಿಕೊಳ್ಳಿ. 292 ಎಂದಿದ್ದರೆ 124, ಹಾರ್ಡ್‌ವೇರ್ ದೋಷದ ಕೋಡು. 26 ಎಂದಿದ್ದರೆ 1ಎ, ಮೆಮೊರಿಗೆ ಸಂಬಂಧಿಸಿದ್ದು. 159 ಎಂದರೆ 9ಎಫ್, ಸಾಮಾನ್ಯವಾಗಿ ಡ್ರೈವರ್ ತೊಂದರೆ. ಅಂಥವರ ದಾರಿ ಬೇರೆ. ಈ ಬರಹ ಸೊನ್ನೆ ಕಂಡವರಿಗೆ.

ಸೊನ್ನೆಯನ್ನು ಖಚಿತ ಮಾಡಿಕೊಳ್ಳಲು ಇನ್ನೊಂದು ಕೆಲಸವಿದೆ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬಲ್ಲಿನ ಟಿಕ್ ತೆಗೆಯಿರಿ. ನೀಲಿ ಪರದೆ ಬರುವಂತಿದ್ದರೆ ಇನ್ನು ಮುಂದೆ ಅದು ನಿಂತು ಕಾಣುತ್ತದೆ. ಇಲ್ಲಿ ಟಿಕ್ ತೆಗೆದ ಮೇಲೂ ನಾಲ್ಕು ಸಲ ನೇರ ಕಪ್ಪಾಗಿ ಲೋಗೊ ಬಂತು.

ಬಯಾಸ್‌ನಲ್ಲೂ (ವಿಂಡೋಸ್‌ಗೂ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಒಂದು ಸುಳಿವು ಸಿಗುತ್ತದೆ, ಇದನ್ನು ಬಳಸುವವರು ಕಡಿಮೆ. ಕರೆಂಟು ಹೋಗಿ ಬಂದಾಗ ಯಂತ್ರ ಏನು ಮಾಡಬೇಕೆಂಬ ಆಯ್ಕೆ ಅಲ್ಲಿರುತ್ತದೆ, ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಥವಾ ಎಸಿ ಬ್ಯಾಕ್ ಎಂಬ ಹೆಸರಿನಲ್ಲಿ. ಅದನ್ನು ಪವರ್ ಆಫ್‌ಗೆ ಇಡಿ. ಆಮೇಲೆ ಘಟನೆ ನಡೆದಾಗ ಯಂತ್ರ ಪೂರ್ತಿ ಆರಿ ಹಾಗೇ ಉಳಿದರೆ ಕರೆಂಟು ಪೂರ್ತಿ ಕಡಿದಿದೆ, ಇಲ್ಲವೇ ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬಂದ್ ಆಗಿದೆ. ಆರದೆ ತಾನೇ ಎದ್ದರೆ ವಿದ್ಯುತ್ತು ಕ್ಷಣಮಾತ್ರ ಕುಸಿದು ಮತ್ತೆ ಚೇತರಿಸಿಕೊಂಡಿದೆ. ಇಲ್ಲಿ ಆದದ್ದು ಎರಡನೆಯದು.

ಇದಕ್ಕೆ ಕಾರಣ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ ಎಂಟನೆಯ ಪಿನ್ನಿಗೆ ಒಂದು ಬೂದು ಬಣ್ಣದ ವೈರ್ ಇದೆ. ಅದನ್ನು ಪವರ್ ಗುಡ್ ಎನ್ನುತ್ತಾರೆ. ಎಲ್ಲ ವೋಲ್ಟೇಜೂ ಸರಿಯಾಗಿದೆ ಎಂದು ಎಸ್‌ಎಂಪಿಎಸ್ ಬೋರ್ಡಿಗೆ ಕೊಡುವ ಮಾತು ಆ ವೈರಿನಲ್ಲಿ ಬರುತ್ತದೆ. ಆ ಸಂಕೇತ ಕ್ಷಣಕಾಲ ತಪ್ಪಿದರೂ ಬೋರ್ಡು ಸಿಪಿಯುವನ್ನು ರೀಸೆಟ್‌ಗೆ ಹಾಕುತ್ತದೆ. ನೀಲಿ ಪರದೆ ಬರಲು ಅಲ್ಲಿ ಅವಕಾಶವೇ ಇಲ್ಲ. ಇನ್ನೊಂದು ಅಂಕಿಯನ್ನೂ ನೆನಪಿಡಿ: ಗೋಡೆಯ ಕರೆಂಟು ತಪ್ಪಿದರೂ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಬಲದಿಂದ ಸುಮಾರು 16 ಮಿಲಿಸೆಕೆಂಡ್ ತಾಳಿಕೊಳ್ಳಬೇಕು. ಯುಪಿಎಸ್ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಸಮಯ 10 ಮಿಲಿಸೆಕೆಂಡಿನ ಒಳಗೆ. ಇವೆರಡರ ನಡುವೆ ಇರುವ ಆ ಕೆಲವೇ ಮಿಲಿಸೆಕೆಂಡಿನ ಅಂತರ ಎಲ್ಲಿ ಕರಗಿಹೋಯಿತು ಎಂದು ಹುಡುಕುವುದಕ್ಕೇ ಐದು ವಾರ ಹಿಡಿಯಿತು.

ಆದರೆ ಆಗ ಇದು ಗೊತ್ತಾಗಿರಲಿಲ್ಲ. ಮೊದಲು ವಿಂಡೋಸ್ ಮೇಲಿನ ಅನುಮಾನ ಕಳೆಯಬೇಕಿತ್ತು. ಅದಕ್ಕೆ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ. ಪೆನ್‌ಡ್ರೈವಿಗೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಉಬುಂಟು ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ, ಒಂದೆರಡು ದಿನ ಅದರಲ್ಲೇ ಬ್ರೌಸರ್, ವಿಡಿಯೊ ಎಲ್ಲ ಬಳಸಿದರೆ ಸಾಕು. ಎರಡನೆಯ ಸಂಜೆ 7.20ಕ್ಕೆ ಉಬುಂಟುವಿನಲ್ಲೂ ಅದೇ ರೀತಿ ಕಪ್ಪಾಯಿತು. ವಿಂಡೋಸ್, ಡ್ರೈವರ್, ವೈರಸ್ ಮೂರೂ ಪಟ್ಟಿಯಿಂದ ಹೊರಗೆ ಹೋದವು.

ಇಲ್ಲೊಂದು ಅಡ್ಡಿ ಎದುರಾಯಿತು. ಮೆಮೊರಿ ಪರೀಕ್ಷೆಯ ಪೆನ್‌ಡ್ರೈವ್ ಬೂಟ್ ಆಗಲಿಲ್ಲವೆಂದು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಸುರಕ್ಷಾ ಆಯ್ಕೆಯನ್ನು ಆಫ್ ಮಾಡಿದೆ. ಮತ್ತೆ ವಿಂಡೋಸ್‌ಗೆ ಹೋದಾಗ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕೇಳಿ ನಿಂತಿತು. ಡಿಸ್ಕು ಎನ್‌ಕ್ರಿಪ್ಟ್ ಆಗಿದೆ ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿಂಡೋಸ್ 11 ಮೈಕ್ರೋಸಾಫ್ಟ್ ಖಾತೆಯಿಂದ ಶುರುಮಾಡಿದ ಹಲವು ಯಂತ್ರಗಳಲ್ಲಿ ಇದು ತಾನಾಗಿ ಆನ್ ಆಗಿರುತ್ತದೆ. ಆ ಖಾತೆಯ ಪಾಸ್‌ವರ್ಡ್ ನೆನಪಿದ್ದದ್ದರಿಂದ ಮೊಬೈಲಿನಲ್ಲಿ ಲಾಗಿನ್ ಆಗಿ ಕೀ ತೆಗೆಯಲು ಸಾಧ್ಯವಾಯಿತು. ಇಲ್ಲದಿದ್ದರೆ ಡಿಸ್ಕು ತೆರೆಯುವುದು ಕಷ್ಟವಾಗುತ್ತಿತ್ತು. ಬಯಾಸ್ ಮುಟ್ಟುವ ಮೊದಲು ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಓಡಿತು. ನಾಲ್ಕು ಸುತ್ತು ಮುಗಿದು ದೋಷ ಸೊನ್ನೆ. ಒಂದೇ ಒಂದು ದೋಷ ಬಂದರೂ ರ‍್ಯಾಮ್ ಕೆಟ್ಟಿದೆ ಎಂದೇ ಲೆಕ್ಕ. ಆಗ ಒಂದೊಂದೇ ರ‍್ಯಾಮ್ ಹಾಕಿ, ಸ್ಲಾಟ್ ಬದಲಿಸಿ ನೋಡಬೇಕು. ಆ ಎಂಟು ಗಂಟೆಯಲ್ಲಿ ಯಂತ್ರ ಒಮ್ಮೆಯೂ ಬೀಳಲಿಲ್ಲ. ಅದನ್ನು ಆಗ ಗಮನಿಸಿದರೂ ಅರ್ಥ ಮಾಡಿಕೊಳ್ಳಲಿಲ್ಲ. ರಾತ್ರಿ ವೋಲ್ಟೇಜ್ ಚೆನ್ನಾಗಿರುತ್ತದೆ, ಮೆಮೊರಿ ಪರೀಕ್ಷೆಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಕೆಲಸವೇ ಇರುವುದಿಲ್ಲ. ಎರಡೂ ಸುಳಿವುಗಳೇ ಆಗಿದ್ದವು.

ಬಿಸಿಯ ವಿಷಯಕ್ಕೆ ಬಂದರೆ, ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಸಿಪಿಯು 97 ಡಿಗ್ರಿ ಮುಟ್ಟುತ್ತಿರುವುದು ಕಂಡಿತು. ಐ5-10400ರ ಮಿತಿ 100. ಕ್ಯಾಬಿನೆಟ್ ತೆರೆದಾಗ ಧೂಳು ಇತ್ತು, ಆದರೆ ನಿಜವಾದ ಕಾರಣ ಫ್ಯಾನಿನ ಕಾಲು. ಇಂಟೆಲ್ ಡಬ್ಬದೊಂದಿಗೆ ಬರುವ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿವೆ. ಪ್ರತಿ ಕಾಲಿನ ತುದಿ ಬಿಳಿ ಬಣ್ಣದ್ದು, ಎರಡಾಗಿ ಸೀಳಿರುತ್ತದೆ. ಮೇಲಿನಿಂದ ಕಪ್ಪು ಕಡ್ಡಿಯನ್ನು ಒತ್ತಿದಾಗ ಅದು ಸೀಳಿನ ನಡುವೆ ಇಳಿದು ತುದಿ ಅಗಲವಾಗಿ ಬೋರ್ಡಿನ ಹಿಂದೆ ಕಚ್ಚಿಕೊಳ್ಳಬೇಕು. ರ‍್ಯಾಮ್ ಕಡೆಯ ಕೆಳಗಿನ ಕಾಲಿನಲ್ಲಿ ಕಡ್ಡಿ ಅರ್ಧ ಮಾತ್ರ ಇಳಿದಿತ್ತು. ಬೆರಳಲ್ಲಿ ಮುಟ್ಟಿದರೆ ಫ್ಯಾನಿನ ಆ ಮೂಲೆ ಒಂದು ಮಿಲಿಮೀಟರ್ ಮೇಲೆದ್ದು ಅಲುಗಾಡುತ್ತಿತ್ತು. ಸಿಪಿಯು ಬಿಸಿಯನ್ನು ಮೇಲಕ್ಕೆ ದಾಟಿಸಲು ಹಚ್ಚುವ ಕೆಳಗಿನ ಪೇಸ್ಟ್ ಒಣಗಿ ಸುಣ್ಣದಂತೆ ಪುಡಿಯಾಗಿತ್ತು. ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು, ಎದುರುಬದುರಿನ ಕಾಲುಗಳನ್ನು ಜೋಡಿಯಾಗಿ ಒತ್ತಿದರೆ ನಾಲ್ಕೂ ಟಕ್ಕೆಂದು ಕೂರುತ್ತವೆ. ಬಿಸಿ 72ಕ್ಕೆ ಇಳಿಯಿತು. ಪೇಸ್ಟಿಗೆ 250 ರೂಪಾಯಿ.

ಸಮಸ್ಯೆ ಮುಗಿಯಿತೆಂದು ಮನೆಯವರೆಲ್ಲ ನೆಮ್ಮದಿಯಿಂದ ಉಸಿರು ಬಿಟ್ಟರು. ಮರುದಿನ ಸಂಜೆ ಮತ್ತೆ ರೀಸ್ಟಾರ್ಟ್. ಅತಿ ಬಿಸಿಯಾದ ಇಂಟೆಲ್ ಸಿಪಿಯು ಮೊದಲು ತನ್ನ ವೇಗ ತಗ್ಗಿಸುತ್ತದೆ, ಅದೂ ಸಾಲದಿದ್ದರೆ ಯಂತ್ರವನ್ನು ಪೂರ್ತಿ ಆರಿಸುತ್ತದೆ. ಆರಿ ತಾನೇ ಎದ್ದು ಬರುವುದು ಬಿಸಿಯ ಸಾಮಾನ್ಯ ಲಕ್ಷಣವಲ್ಲ. ಫ್ಯಾನಿನ ಕಾಲು ಸರಿಮಾಡಬೇಕಾದದ್ದೇ, ಆದರೆ ಅದು ಬೇರೆ ದೋಷ. ಒಂದು ದೋಷ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು ಎಂಬುದಕ್ಕಾಗಿ ಇಷ್ಟು ಹೇಳಿದೆ.

ಕ್ಯಾಬಿನೆಟ್ ತೆರೆದಿರುವಾಗಲೇ ಇನ್ನೊಂದು ನೋಡಿ. ಮುಂಭಾಗದ ರೀಸೆಟ್ ಬಟನ್ ಒಳಗೆ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ ಬರುತ್ತದೆ. ಬೋರ್ಡಿನ ಮೂಲೆಯಲ್ಲಿ ರೀಸೆಟ್ ಎಂದು ಬರೆದ ಎರಡು ಪಿನ್ನಿನ ಚಿಕ್ಕ ವೈರನ್ನು ಕಿತ್ತು ಒಂದೆರಡು ದಿನ ಬಿಡಿ, ಯಂತ್ರಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಅದರಿಂದ ಬದಲಾವಣೆ ಕಾಣಲಿಲ್ಲ.

ಬದಲಿಸಿ ನೋಡಲು ಮನೆಯಲ್ಲಿ ಬೇರೆ ಎಸ್‌ಎಂಪಿಎಸ್ ಇರಲಿಲ್ಲ. ಹಾಗಾಗಿ ಎರಡನೆಯ ವಾರ ಅಂಗಡಿಗೆ ಕೊಡಬೇಕಾಯಿತು. ಆರು ದಿನ ಅಲ್ಲೇ ಇತ್ತು. "ಸಾರ್, ಇಲ್ಲಿ ಒಂದು ಸಲಾನೂ ರೀಸ್ಟಾರ್ಟ್ ಆಗಿಲ್ಲ. ವಿಂಡೋಸ್ ಫಾರ್ಮ್ಯಾಟ್ ಮಾಡ್ಸಿ, ಸರಿ ಹೋಗುತ್ತೆ" ಎಂದರು. ಉಬುಂಟುವಿನಲ್ಲೂ ಬಿದ್ದಿದೆ ಎಂದು ಹೇಳಿ ಫಾರ್ಮ್ಯಾಟ್ ಬೇಡವೆಂದೆ. ತಪಾಸಣೆಗೆ 500 ರೂಪಾಯಿ ಆಯಿತು. ಮನೆಗೆ ತಂದ ಅದೇ ರಾತ್ರಿ ಎಂಟಕ್ಕೆ ಮತ್ತೆ ಬಿತ್ತು. ಬೇಸರದಿಂದ ಕೈಚೆಲ್ಲುವಂತಾಗಿತ್ತು. ಆದರೆ ಯೋಚಿಸಿದರೆ ಆ 500 ರೂಪಾಯಿಗೆ ದೊಡ್ಡ ಮಾಹಿತಿಯೇ ಸಿಕ್ಕಿತ್ತು. ಅಂಗಡಿಯಲ್ಲಿ ಯಂತ್ರವನ್ನು ಯುಪಿಎಸ್ ಇಲ್ಲದೆ ನೇರ ಗೋಡೆಗೆ ಹಾಕಿದ್ದರು, ಹಗಲು ಹೊತ್ತಿನಲ್ಲಿ, ಡೆಸ್ಕ್‌ಟಾಪ್ ತೆರೆದಿಟ್ಟು ಸುಮ್ಮನೆ ಬಿಟ್ಟಿದ್ದರು. ಅಲ್ಲಿ ಇಲ್ಲದ್ದು, ಮನೆಯಲ್ಲಿ ಇದ್ದದ್ದು ಮೂರು: ನಮ್ಮ ಮನೆಯ ಕರೆಂಟು, ನಮ್ಮ ಯುಪಿಎಸ್, ಮತ್ತು ಲೋಡ್, ಎಂದರೆ ಯಂತ್ರದ ಮೇಲಿನ ಕೆಲಸದ ಭಾರ.

ವಾರಂಟಿ ಕೇಳೋಣವೆಂದು ಹಳೆಯ ಬಿಲ್ಲು ಹುಡುಕಿದರೆ ಥರ್ಮಲ್ ಪೇಪರಿನ ಮೇಲಿನ ಅಕ್ಷರಗಳೆಲ್ಲ ಮಾಸಿ ಬಿಳಿ ಹಾಳೆಯಾಗಿತ್ತು. ಹೇಗೂ ಎಸ್‌ಎಂಪಿಎಸ್‌ಗೆ ಇದ್ದದ್ದು ಒಂದೇ ವರ್ಷ, ಅದು ಮುಗಿದು ಎಷ್ಟೋ ಕಾಲವಾಗಿತ್ತು. ಆದರೆ ರ‍್ಯಾಮ್, ಎಸ್‌ಎಸ್‌ಡಿಗಳಿಗೆ ಹೆಚ್ಚು ವರ್ಷ ವಾರಂಟಿ ಇರುವುದುಂಟು. ಕೊಂಡ ದಿನವೇ ಬಿಲ್ಲಿನ ಫೋಟೊ, ಪ್ರತಿ ಭಾಗದ ಸೀರಿಯಲ್ ನಂಬರಿನ ಫೋಟೊ ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ.

ಮೂರನೆಯ ವಾರದಿಂದ ಮೇಜಿನ ಪಕ್ಕ ಒಂದು ನೋಟ್‌ಬುಕ್ ಇಟ್ಟೆವು. ಬಿದ್ದ ಹೊತ್ತು, ಆಗ ಯಂತ್ರದಲ್ಲಿ ನಡೆಯುತ್ತಿದ್ದ ಕೆಲಸ, ಮನೆಯಲ್ಲಿ ಯಾವ ಮೋಟಾರು ಓಡುತ್ತಿತ್ತು, ಯುಪಿಎಸ್ ಸದ್ದು ಮಾಡಿತೋ ಇಲ್ಲವೋ. ಒಂಬತ್ತು ದಿನದಲ್ಲಿ 23 ಸಾಲು ತುಂಬಿದವು. ಅವುಗಳಲ್ಲಿ 17 ಸಂಜೆ ಆರೂವರೆಯಿಂದ ಒಂಬತ್ತೂವರೆಯ ಒಳಗಿನವು. 14 ಸಲ ಪರದೆ ಕಪ್ಪಾಗುವ ಕ್ಷಣದಲ್ಲೇ ಮೇಜಿನ ಕೆಳಗಿನಿಂದ ಯುಪಿಎಸ್ ಟಕ್ ಎಂದಿತ್ತು. ಸಂಪಿನ ಮೋಟಾರು ಶುರುವಾದ ಹೊತ್ತು ಆ ಪೈಕಿ ಎಂಟಕ್ಕೆ ಹೊಂದುತ್ತಿತ್ತು. ಉಳಿದ ಒಂಬತ್ತರಲ್ಲಿ ಟಕ್ ಇಲ್ಲ, ಆದರೆ ಆ ಒಂಬತ್ತೂ ಆಟ ಅಥವಾ ವಿಡಿಯೊ ಎಡಿಟಿಂಗ್ ನಡೆಯುತ್ತಿದ್ದಾಗ. ಬರೆಯುವ ತನಕ ಇದು ಒಂದೇ ರೋಗ ಎಂದುಕೊಂಡಿದ್ದೆವು. ಬರೆದ ಮೇಲೆ ಎರಡು ಎಂದು ಕಂಡಿತು.

450 ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ತಂದೆ. ಎಸಿ 600 ಅಥವಾ 750 ವೋಲ್ಟ್‌ಗೆ ತಿರುಗಿಸಿ ಸಾಕೆಟ್‌ನಲ್ಲಿ ಅಳೆಯಬೇಕು. ಪ್ರೋಬಿನ ಲೋಹದ ತುದಿಗೆ ಬೆರಳು ತಾಗದಂತೆ ಹಿಡಿಯಿರಿ, ಕಾಲಲ್ಲಿ ಚಪ್ಪಲಿ ಇರಲಿ, ಅಭ್ಯಾಸವಿಲ್ಲದವರು ಎಲೆಕ್ಟ್ರೀಷಿಯನ್ ಕೈಲಿ ಮಾಡಿಸಿ. ಮಧ್ಯಾಹ್ನ ಎರಡಕ್ಕೆ 231. ಸಂಜೆ ಏಳೂವರೆಗೆ 198. ಮೋಟಾರು ಹಾಕಿದ ಕ್ಷಣ 174 ಕಂಡು ಮತ್ತೆ ಮೇಲೇರಿತು. ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ 180ರಿಂದ 264 ವೋಲ್ಟ್ ಎಂದಿತ್ತು. ನಮ್ಮಲ್ಲಿರುವಂಥ ಲೈನ್-ಇಂಟರಾಕ್ಟಿವ್ ಯುಪಿಎಸ್ ವೋಲ್ಟೇಜ್ ಇಳಿದಾಗ ಒಳಗಿನ ರಿಲೇ ಬದಲಿಸಿ ಏರಿಸುತ್ತದೆ, ತೀರಾ ಇಳಿದರೆ ಬ್ಯಾಟರಿಗೆ ಹೋಗುತ್ತದೆ. ಟಕ್ ಸದ್ದು ಅದೇ.

ಹಾಗಾದರೆ ಬ್ಯಾಟರಿ ಹೇಗಿದೆ? ಒಳಗಿರುವುದು 12 ವೋಲ್ಟ್ 7 ಎಎಚ್‌ನ ಸೀಲ್ಡ್ ಬ್ಯಾಟರಿ. ನಮ್ಮ ಬಿಸಿಲಿನ ಊರುಗಳಲ್ಲಿ ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಯುಪಿಎಸ್ ಪ್ಲಗ್ ಕಿತ್ತು, ಸ್ವಿಚ್ ಆಫ್ ಮಾಡಿ, ಬ್ಯಾಟರಿಯನ್ನು ಪೂರ್ತಿ ಹೊರಗೆ ತೆಗೆದೇ ಅಳೆಯಬೇಕು. ಅಗ್ಗದ ಯುಪಿಎಸ್‌ಗಳಲ್ಲಿ ಪ್ಲಗ್ ಹಾಕಿರುವಾಗ ಬ್ಯಾಟರಿಯ ತುದಿಗಳಲ್ಲೂ ಮನೆಯ ಕರೆಂಟು ಇರಬಹುದು. ಸುಮ್ಮನಿರುವಾಗ 12.6 ತೋರಿಸಿತು. ಅದನ್ನು ನೋಡಿ ಚೆನ್ನಾಗಿದೆ ಎಂದುಕೊಳ್ಳುವವರೇ ಹೆಚ್ಚು. ಕಾರಿನ 12 ವೋಲ್ಟ್ 55 ವ್ಯಾಟ್ ಹೆಡ್‌ಲೈಟ್ ಬಲ್ಬು ಜೋಡಿಸಿದಾಗ ಇಪ್ಪತ್ತು ಸೆಕೆಂಡಿನಲ್ಲಿ 9.4ಕ್ಕೆ ಕುಸಿಯಿತು. ಒಳ್ಳೆಯ ಬ್ಯಾಟರಿ ಆ ಲೋಡಿನಲ್ಲಿ ಹಲವು ನಿಮಿಷ 12ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿ 1,050 ರೂಪಾಯಿಗೆ ಹೊಸದು ಬಂತು. ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ವರ್ಷಗಟ್ಟಲೆ ಕಪಾಟಿನಲ್ಲಿ ಕೂತದ್ದು ಬೇಡ.

ರೀಸ್ಟಾರ್ಟ್‌ಗಳು ದಿನಕ್ಕೆ ಮೂರರಿಂದ ವಾರಕ್ಕೆ ನಾಲ್ಕಕ್ಕೆ ಇಳಿದವು. ಉಳಿದವೆಲ್ಲ ಟಕ್ ಇಲ್ಲದವು, ಲೋಡಿನ ಹೊತ್ತಿನವು.

ಈಗ ಎಸ್‌ಎಂಪಿಎಸ್ ಸರದಿ. ಹಸಿರು ವೈರಿಗೂ ಕಪ್ಪು ವೈರಿಗೂ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿದರೆ ಚೆನ್ನಾಗಿದೆ ಎನ್ನುವ ಪರೀಕ್ಷೆ ಇಲ್ಲಿ ಉಪಯೋಗವಿಲ್ಲ. ಪೂರ್ತಿ ಸತ್ತಿದೆಯೇ ಎಂದು ತಿಳಿಯಲು ಮಾತ್ರ ಅದು. ಲೋಡಿನಲ್ಲಿ ಅಳೆಯಬೇಕು. ಹಾರ್ಡ್ ಡಿಸ್ಕಿಗೆಂದು ಬಂದು ಖಾಲಿ ಉಳಿದಿದ್ದ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಹಳದಿಗೂ ಕಪ್ಪಿಗೂ ಪ್ರೋಬ್ ಇಟ್ಟರೆ 12 ವೋಲ್ಟ್ ಸಿಗುತ್ತದೆ, ಕೆಂಪಿಗೂ ಕಪ್ಪಿಗೂ 5. ಒಪ್ಪಿಗೆಯ ಮಿತಿ ಶೇ 5: 12ಕ್ಕೆ 11.40ರಿಂದ 12.60, 5ಕ್ಕೆ 4.75ರಿಂದ 5.25. ಸುಮ್ಮನಿರುವಾಗ 11.86. ಒಸಿಸಿಟಿ ಎಂಬ ಪ್ರೋಗ್ರಾಮಿನ ಪವರ್ ಪರೀಕ್ಷೆ ಸಿಪಿಯುವನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಒಟ್ಟಿಗೆ ದುಡಿಸುತ್ತದೆ. ಅದನ್ನು ಓಡಿಸಿದಾಗ ಅಂಕಿ ಮೆಲ್ಲನೆ 11.5, 11.4, 11.32 ಎಂದು ಇಳಿಯಿತು. ಮೂರನೆಯ ನಿಮಿಷ ಮುಗಿಯುವ ಮೊದಲೇ ಪರದೆ ಕಪ್ಪಾಯಿತು. ಐದು ವಾರದಲ್ಲಿ ಮೊದಲ ಸಲ ನಾವು ಬೇಕೆಂದಾಗ ಯಂತ್ರ ಬಿದ್ದಿತ್ತು. ಅಲ್ಲಿಯವರೆಗಿನ ದುಗುಡವೆಲ್ಲ ಆ ಒಂದು ಅಂಕಿಯಿಂದ ಇಳಿದಂತಾಯಿತು. ಈ ಪರೀಕ್ಷೆಯನ್ನು ಐದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಸೋತ ಎಸ್‌ಎಂಪಿಎಸ್ ಬೋರ್ಡನ್ನೂ ಜೊತೆಗೆ ಸುಡಬಹುದು.

ಅದರ ಚೀಟಿಯನ್ನು ಸರಿಯಾಗಿ ಓದಿದ್ದು ಆಮೇಲೆ. ಮೇಲೆ 450 ವ್ಯಾಟ್ ಎಂದಿದ್ದರೂ 12 ವೋಲ್ಟ್ ಸಾಲಿನಲ್ಲಿ ಬರೆದಿದ್ದು 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಈಗಿನ ಯಂತ್ರಗಳಲ್ಲಿ ಸಿಪಿಯು, ಗ್ರಾಫಿಕ್ಸ್ ಎರಡೂ ಆ 12 ವೋಲ್ಟಿನಿಂದಲೇ ಎಳೆಯುತ್ತವೆ. ಸಿಪಿಯು ಪೂರ್ತಿ ವೇಗಕ್ಕೆ ಏರಿದಾಗ 100 ವ್ಯಾಟ್ ದಾಟುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ 75, ಡಿಸ್ಕು ಫ್ಯಾನುಗಳು ಬೇರೆ. ಹೊಸದರಲ್ಲಿ ಹೇಗೋ ಎಳೆದುಕೊಂಡು ಹೋಗುತ್ತಿತ್ತು. ಕೆಪಾಸಿಟರ್‌ಗಳು ವರ್ಷಗಳ ಬಿಸಿಗೆ ಬತ್ತಿದ ಮೇಲೆ ಆ 16 ಮಿಲಿಸೆಕೆಂಡಿನ ತಾಳಿಕೆಯೂ ಕುಗ್ಗಿತ್ತು. ಯುಪಿಎಸ್ ರಿಲೇ ಬದಲಾಗುವ ಆ ಚಿಕ್ಕ ಅಂತರದಲ್ಲೂ ಪವರ್ ಗುಡ್ ತಪ್ಪುತ್ತಿದ್ದದ್ದು ಅದಕ್ಕೇ. ಎರಡು ರೋಗವೆಂದು ನೋಟ್‌ಬುಕ್ ಹೇಳಿದ್ದಕ್ಕೆ ಅರ್ಧ ಬೇರು ಒಂದೇ ಡಬ್ಬದಲ್ಲಿತ್ತು. ಆ ಡಬ್ಬವನ್ನು ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೀರಿ ನಿಂತಿರುತ್ತದೆ. ಅದು ಜೀವ ತೆಗೆಯಬಲ್ಲದು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 550 ವ್ಯಾಟಿನ, ಕರೆಂಟು ಕಡಿಮೆ ಪೋಲು ಮಾಡುತ್ತದೆ ಎಂಬ 80 ಪ್ಲಸ್ ಬ್ರಾಂಜ್ ಗುರುತಿನ ಎಸ್‌ಎಂಪಿಎಸ್ ತಂದೆ, 3,900 ರೂಪಾಯಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುವವರೂ ಇದ್ದರು. ಐದು ವರ್ಷದ ವಾರಂಟಿ ಬಿಲ್ಲಿನ ಮೇಲೇ ನಿಂತಿರುವಾಗ ಆ ಉಳಿತಾಯ ಬೇಡ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬದ ಮೇಲಿನದ್ದಕ್ಕೂ ಒಳಗಿನದ್ದಕ್ಕೂ ತಾಳೆ ನೋಡಿ. ಚೀಟಿಯಲ್ಲಿ 12 ವೋಲ್ಟ್ ಎದುರು 45 ಆಂಪಿಯರ್ ಇತ್ತು.

ಬದಲಿಸಲು ಮುಕ್ಕಾಲು ಗಂಟೆ ಹಿಡಿಯಿತು. ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಬಿಚ್ಚುವ ಮೊದಲು ಫೋಟೊ ತೆಗೆಯಿರಿ. 24 ಪಿನ್ನಿನದು, ಸಿಪಿಯು ಹತ್ತಿರದ ನಾಲ್ಕು ಅಥವಾ ಎಂಟು ಪಿನ್ನಿನದು, ಡಿಸ್ಕುಗಳ ಸಾಟಾ ಪವರ್, ಹಿಂದಿನ ನಾಲ್ಕು ಸ್ಕ್ರೂ. ಕೇಬಲ್ ಬಿಡಿಯಾಗಿ ಬರುವ ಮಾದರಿಯಾದರೆ ಹಳೆಯ ಎಸ್‌ಎಂಪಿಎಸ್‌ನ ಕೇಬಲ್ಲನ್ನು ಹೊಸದಕ್ಕೆ ಹಾಕಲೇಬೇಡಿ. ಕನೆಕ್ಟರ್ ಕೂತರೂ ಒಳಗಿನ ವೈರಿಂಗ್ ಬೇರೆ ಇರಬಹುದು, ಡಿಸ್ಕು ಸುಟ್ಟುಹೋಗುತ್ತದೆ. ಅದೇ ಪವರ್ ಪರೀಕ್ಷೆಯಲ್ಲಿ ಈಗ 12.08 ಇದ್ದದ್ದು 12.01ಕ್ಕೆ ಇಳಿದು ಅಲ್ಲೇ ನಿಂತಿತು.

ಎರಡು ದಿನ ಕಳೆದು ಕರೆಂಟು ಹೋಯಿತು. ಯುಪಿಎಸ್ ಕಿರುಚಿತು, ಕಂಪ್ಯೂಟರ್ ಬಿತ್ತು. ಹೊಸ ಬ್ಯಾಟರಿ, ಹೊಸ ಎಸ್‌ಎಂಪಿಎಸ್ ಇದ್ದೂ ಹೀಗಾದಾಗ ನಿಜಕ್ಕೂ ಕಂಗಾಲಾದೆವು. ಕಾರಣ ಇದು: ಹೊಸ ಎಸ್‌ಎಂಪಿಎಸ್‌ನಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇದೆ. ಅದು ಬರುವ ಕರೆಂಟಿನ ಅಲೆಯನ್ನು ಅನುಸರಿಸಿ ಎಳೆಯುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಕೊಡುವುದು ನುಣುಪಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ, ನಡುನಡುವೆ ಸೊನ್ನೆ. ಆ ಸೊನ್ನೆ ದಾಟಿದ ಕೂಡಲೇ ಎಸ್‌ಎಂಪಿಎಸ್ ಒಮ್ಮೆಲೇ ಎಳೆಯುತ್ತದೆ, ಯುಪಿಎಸ್ ಓವರ್‌ಲೋಡ್ ಎಂದು ಕೈಬಿಡುತ್ತದೆ. ಎಲ್ಲ ಯುಪಿಎಸ್‌ಗಳಲ್ಲೂ ಹೀಗಾಗುವುದಿಲ್ಲ. ಆದರೆ ಎಸ್‌ಎಂಪಿಎಸ್ ಬದಲಿಸುವವರು ಈ ಸಾಧ್ಯತೆಯನ್ನು ಮೊದಲೇ ತಿಳಿದಿರಬೇಕು.

ಪ್ಯೂರ್ ಸೈನ್ ವೇವ್ ಯುಪಿಎಸ್ ಕೊಂಡರೆ ಮತ್ತೆ ಸಾವಿರಾರು ರೂಪಾಯಿ. ಮನೆಯಲ್ಲಿ ಲೈಟು ಫ್ಯಾನಿಗೆಂದು 900 ವಿಎಯ ಸೈನ್ ವೇವ್ ಇನ್ವರ್ಟರ್ ಇತ್ತು, ಕಂಪ್ಯೂಟರ್ ಕೋಣೆಗೆ ಅದರ ಲೈನ್ ಇರಲಿಲ್ಲ. ಎಲೆಕ್ಟ್ರೀಷಿಯನ್ ಬಂದು ನೋಡಿ, "ಅಣ್ಣಾ, ಇದರ ಹಿಂದೆ ಸ್ವಿಚ್ ನಾರ್ಮಲ್‌ನಲ್ಲಿದೆ, ಯುಪಿಎಸ್‌ಗೆ ಹಾಕ್ಬೇಕು" ಎಂದರು. ನಾರ್ಮಲ್‌ನಲ್ಲಿ ಇನ್ವರ್ಟರ್ ತುಂಬ ಕಡಿಮೆ ವೋಲ್ಟೇಜನ್ನೂ ಹಾಗೇ ಒಳಗೆ ಬಿಡುತ್ತದೆ, ಬದಲಾಗಲೂ ನಿಧಾನ. ಫ್ಯಾನಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು. ಯುಪಿಎಸ್ ಸ್ಥಾನದಲ್ಲಿ ಸುಮಾರು 180ರ ಕೆಳಗೆ ಇಳಿದರೆ ತಕ್ಷಣ ಬ್ಯಾಟರಿಗೆ ಬರುತ್ತದೆ. ವೈರು, ಸಾಕೆಟ್, ಕೂಲಿ ಸೇರಿ 1,100 ರೂಪಾಯಿ. ಕಂಪ್ಯೂಟರ್ ಈಗ ನೇರ ಇನ್ವರ್ಟರ್ ಲೈನಿನಲ್ಲಿದೆ. ಹೊಸ ಬ್ಯಾಟರಿ ಹಾಕಿದ ಹಳೆಯ ಯುಪಿಎಸ್ ವೈಫೈ ರೂಟರಿಗೆ ಹೋಯಿತು. ಬಸ್ ಚಾರ್ಜು ಬಿಟ್ಟು ಒಟ್ಟು ಆದದ್ದು 7,250 ರೂಪಾಯಿ. ಅಳೆಯುವ ಕೆಲಸ ಮೊದಲ ವಾರವೇ ಮಾಡಿದ್ದರೆ ಅಂಗಡಿಯ 500, ಯುಪಿಎಸ್ ಬ್ಯಾಟರಿಯ 1,050 ಎರಡೂ ಉಳಿಯುತ್ತಿದ್ದವು.

ಇವೆಂಟ್ ವ್ಯೂವರ್‌ನಲ್ಲಿ ಆಮೇಲೆ 41 ಕಂಡಿಲ್ಲ. ನಿನ್ನೆ ಸಂಜೆ ಎರಡು ಸಲ ಕರೆಂಟು ಹೋಗಿ ಬಂತು, ವಿಡಿಯೊ ನಡೆಯುತ್ತಲೇ ಇತ್ತು. ಸಾಕೆಟ್ ಅಳೆಯುವಾಗ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ 6 ವೋಲ್ಟ್ ಕಂಡಿದೆ. ಎರಡು ಮೂರರ ಒಳಗೆ ಇರಬೇಕಾದದ್ದು. ರೀಸ್ಟಾರ್ಟ್‌ಗೆ ಅದು ಕಾರಣವಲ್ಲ. ಆದರೂ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿರಬೇಕು, ಇಲ್ಲವೇ ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲವಾಗಿರಬೇಕು. ಎರಡನೆಯದಾದರೆ ಮನೆಯ ಎಲ್ಲ ಸಾಮಾನಿಗೂ ಅಪಾಯ. ಗುಂಡಿಗೆ ನೀರು ಹಾಕಿದ್ದೇವೆ, ಎಲೆಕ್ಟ್ರೀಷಿಯನ್ ಗುರುವಾರ ಬಂದು ಮೀಟರ್ ಬೋರ್ಡ್ ಬಿಗಿ ಮಾಡಿಕೊಡುತ್ತಾರೆ.